ಉದ್ಘಾಟನೆಗೆ ಖರ್ಚಾದ ಆರ್ಗಾನ್

ದಾವಣಗೆರೆಯ ಆ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಹೈಡ್ರೋಜನ್ ಸಂಶೋಧನಾ ಕೇಂದ್ರಕ್ಕೆ ಮೊದಲು ಬೋರ್ಡು ಬಂತು, ಆಮೇಲೆ ಬಾಗಿಲಿಗೆ ಬಣ್ಣ ಬಂತು. ಸಂಶೋಧನೆ ಮಾತ್ರ ಎರಡು ವರ್ಷದಿಂದ ಅದೇ ಕೋಣೆಯ ಮೂಲೆಯಲ್ಲಿ ನಡೆಯುತ್ತಿತ್ತು. ಯಾರೂ ಗಮನಿಸಿರಲಿಲ್ಲ, ಅಷ್ಟೆ.

ನಡೆಸುತ್ತಿದ್ದವಳು ರಸಾಯನಶಾಸ್ತ್ರದ ಅಧ್ಯಾಪಕಿ ಸುಷ್ಮಾ. ಹೈಡ್ರೋಜನ್ ಇಂಧನವನ್ನು ಪುಡಿಯೊಳಗೆ ಕೂಡಿಟ್ಟು ಬೇಕೆಂದಾಗ ಹೊರತೆಗೆಯುವುದು ಅವಳ ಗುರಿ. ಮೆಗ್ನೀಷಿಯಂ ಲೋಹ ಹೈಡ್ರೋಜನ್ನನ್ನು ಹೊಟ್ಟೆತುಂಬ ಹೀರಿಕೊಳ್ಳುತ್ತದೆ. ಆದರೆ ಮುನ್ನೂರು ಡಿಗ್ರಿ ಹತ್ತಿರಕ್ಕೆ ಕಾಯಿಸದ ಹೊರತು ಬಿಟ್ಟುಕೊಡುವುದಿಲ್ಲ. ಅದರ ಕಣಗಳನ್ನು ಅತಿ ಸಣ್ಣದು ಮಾಡಿ ಇಂಗಾಲದ ಸೂಕ್ಷ್ಮ ರಂಧ್ರಗಳೊಳಗೆ ಕೂಡಿಹಾಕಿದರೆ ಹಟ ಕಡಿಮೆಯಾಗುತ್ತದೆ, ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಕಟ್ಟುವುದೂ ತಪ್ಪುತ್ತದೆ. ಆ ಇಂಗಾಲವನ್ನು ಅವಳು ಲೋಕಿಕೆರೆಯಿಂದ ತಂದ ಭತ್ತದ ಹೊಟ್ಟಿನಿಂದ ತಯಾರಿಸಿದ್ದಳು. ಪುಡಿಗೆ ಗಾಳಿ ಸೋಕಿದರೆ ಕೆಟ್ಟಿತು. ಅದಕ್ಕಾಗಿ ಅದನ್ನು ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ವೆಲ್ಡಿಂಗ್ ಶೆಡ್ಡುಗಳಿಗೆ ಆರ್ಗಾನ್ ಮಾರುವ ಹರಿಹರದ ಬಡೇಸಾಬರ ಗ್ಯಾಸ್ ಅಂಗಡಿಯ ಸಿಲಿಂಡರನ್ನು ಪೆಟ್ಟಿಗೆಗೆ ಜೋಡಿಸಿದ್ದಳು.

ಆಡಳಿತ ಮಂಡಳಿಯ ಅಧ್ಯಕ್ಷ ಪಂಚಾಕ್ಷರಪ್ಪನವರಿಗೆ ವಿಜ್ಞಾನದ ಮೇಲೆ ಅಪಾರ ಗೌರವ. ಆದ್ದರಿಂದಲೇ ಅದರ ಹತ್ತಿರ ಹೋಗುತ್ತಿರಲಿಲ್ಲ. ಉದ್ಘಾಟನೆಯ ದಿನ ಅವರು ಮ್ಯಾನೇಜರ್ ಯೋಗರಾಜನನ್ನು ಕರೆದು, "ಹೈಡ್ರೋಜನ್ ಕೇಂದ್ರ ಅಂದಮ್ಯಾಲೆ ಬಲೂನ್ ಹಾರಬೇಕಲ್ಲೋ?" ಅಂದರು.

"ಹಾರ್ತಾವ ಸಾರ್. ಗ್ಯಾಸ್ ಹೆಂಗೂ ಲ್ಯಾಬಿನಾಗೆ ಐತೆ."

ಸುಷ್ಮಾ ಆಗ ಗೇಟಿನಲ್ಲಿದ್ದಳು. ಕೇಂದ್ರದ ಏಕೈಕ ವಿಜ್ಞಾನಿಯಾದ್ದರಿಂದ ಮುಖ್ಯ ಅತಿಥಿಗೆ ಪನ್ನೀರು ಚಿಮುಕಿಸುವ ಜವಾಬ್ದಾರಿಯನ್ನು ಅವಳಿಗೇ ವಹಿಸಲಾಗಿತ್ತು.

ಅತಿಥಿಗಳು ಬಂದರು, ಟೇಪು ಕತ್ತರಿಸಿದರು, ಬಲೂನಿನ ಗೊಂಚಲನ್ನು ಆಕಾಶದತ್ತ ಎತ್ತಿ ಕೈಬಿಟ್ಟರು. ಗೊಂಚಲು ನೇರವಾಗಿ ಅವರ ಕಾಲ ಮೇಲೆ ಬಿತ್ತು.

"ಗ್ಯಾಸ್ ಕಡಿಮಿ ಬಿದ್ದೈತೆ ಸಾರ್," ಎಂದು ಯೋಗರಾಜ ಒಳಗೆ ಓಡಿ ಇನ್ನಷ್ಟು ತುಂಬಿಸಿ ತಂದ. ಈ ಸಲ ಬಲೂನುಗಳು ಇನ್ನೂ ಬೇಗ ಬಿದ್ದವು.

ಅತಿಥಿಗಳ ಹಿಂದೆಯೇ ಬಂದಿದ್ದ ಸುಷ್ಮಾಳಿಗೆ ಬಲೂನು ಬಿದ್ದ ರೀತಿ ನೋಡಿಯೇ ತಿಳಿಯಿತು. ಗಾಳಿಗಿಂತ ಭಾರವಾದ ಅನಿಲ ಆ ಕೋಣೆಯಲ್ಲಿ ಒಂದೇ ಇತ್ತು, ಆರ್ಗಾನ್. ಪನ್ನೀರುದಾನಿಯನ್ನು ಯಾರದೋ ಕೈಗೆ ತುರುಕಿ ಓಡಿದಳು. ಸಿಲಿಂಡರ್ ಇರಬೇಕಾದಲ್ಲಿ ಇರಲಿಲ್ಲ. ಬಿಚ್ಚಿದ ಪೈಪು ಬಾಯಿ ತೆರೆದು ಬಿದ್ದಿತ್ತು. ಕಪ್ಪು ಪುಡಿಯ ಮೇಲೆ ಬೂದು ಬಣ್ಣ ಕೂತಿತ್ತು. ಎರಡು ವರ್ಷದ ಕೆಲಸ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಮುಗಿದುಹೋಗಿತ್ತು. ಅವಳಿಗೆ ಅಳು ಬಂತು. ಆದರೆ ಅತಿಥಿಗಳೂ ಬಂದರು.

"ಇದೇನಾ ಆ ಪುಡಿ? ಸಿಡಿಯಂಗಿಲ್ಲ ತಾನೆ?" ಅತಿಥಿಗಳು ಬಾಗಿಲಲ್ಲೇ ನಿಂತು ಕೇಳಿದರು.

"ಇನ್ನು ಏನೂ ಆಗಂಗಿಲ್ಲ ಸಾರ್."

"ಬೆಂಕಿ?"

"ಅದೂ ಹತ್ತಂಗಿಲ್ಲ."

"ನೋಡ್ರಿ, ಇದು ಸಂಶೋಧನೆ ಅಂದ್ರೆ! ಎಷ್ಟು ಸೇಫ್!" ಎಂದು ಅವರು ಚಪ್ಪಾಳೆ ತಟ್ಟಿದರು. ಪಂಚಾಕ್ಷರಪ್ಪ ಹಿಗ್ಗಿ ಸುಷ್ಮಾಳ ಹೆಗಲಿಗೆ ಶಾಲು ಹೊದಿಸಿದರು. ಮೆಲ್ಲಗೆ, "ಇದನ್ನ ಬದಲ್ ಮಾಡಬ್ಯಾಡ್ರಿ, ಹಿಂಗೇ ಇರ್ಲಿ," ಎಂದೂ ಹೇಳಿದರು.

ಸೋಮವಾರ ಅವಳೇ ಬಸ್ಸು ಹತ್ತಿ ಹರಿಹರಕ್ಕೆ ಹೋದಳು.

"ಹೋದ ವಾರ ಒಯ್ದಿದ್ರಲ್ರಿ ಮೇಡಂ, ಖಾಲಿ ಆತಾ?" ಬಡೇಸಾಬರಿಗೆ ಆಶ್ಚರ್ಯ.

"ಆತ್ರಿ. ಫಂಕ್ಷನ್ ಇತ್ತು."

"ವೆಲ್ಡಿಂಗ್ ಫಂಕ್ಷನ್ನಾ?" ಎಂದು ಅವರು ನಕ್ಕರು. ಅವಳಿಗೂ, ಆ ದಿನಗಳಲ್ಲಿ ಮೊದಲ ಸಲ, ನಗು ಬಂತು. ಹೊಸ ಸಿಲಿಂಡರಿನ ಜೊತೆ ಒಂದು ದಪ್ಪ ಸರಪಳಿಯನ್ನೂ ಬೀಗವನ್ನೂ ಕೊಂಡು ತಂದಳು. ಮತ್ತೆ ಹೊಟ್ಟು ಸುಟ್ಟಳು, ತೊಳೆದಳು, ರಂಧ್ರಗಳಿಗೆ ಲೋಹ ತುಂಬಿದಳು, ಅದಕ್ಕೆ ಹೈಡ್ರೋಜನ್ ಉಣಿಸಿದಳು. ಯೋಗರಾಜ ಬಾಗಿಲಲ್ಲಿ ಇಣುಕಿದಾಗಲೆಲ್ಲ ಎದ್ದು ಸಿಲಿಂಡರಿಗೆ ಅಡ್ಡ ನಿಂತಳು.

ಪರೀಕ್ಷೆಗಳೆಲ್ಲ ಮುಗಿದು ಕಾಲೇಜು ಖಾಲಿಯಾಗಿದ್ದ ಒಂದು ಮಧ್ಯಾಹ್ನ, ಉಷ್ಣತೆ ಇನ್ನೂರು ಡಿಗ್ರಿ ದಾಟುತ್ತಿದ್ದಂತೆ ಒತ್ತಡದ ಮುಳ್ಳು ಅಲುಗಿತು. ನಿಧಾನವಾಗಿ ಮೇಲೇರತೊಡಗಿತು. ಮುನ್ನೂರು ತಲುಪುವ ಮೊದಲೇ ಹೈಡ್ರೋಜನ್ ಹೊರಬರುತ್ತಿತ್ತು. ಸುಷ್ಮಾ ಅಂಕಿಗಳನ್ನು ಬರೆದುಕೊಂಡಳು. ಯಾರಿಗಾದರೂ ಹೇಳಲೇಬೇಕೆನಿಸಿ ಅಧ್ಯಕ್ಷರಿಗೇ ಫೋನ್ ಮಾಡಿದಳು.

"ಬಾಳ ಸಂತೋಷ ಆತ್ರಿ," ಅಂದರು ಪಂಚಾಕ್ಷರಪ್ಪ. ಆಮೇಲೆ ತುಸು ಗೊಂದಲದಲ್ಲಿ, "ಆದ್ರ ಅದು ಉದ್ಘಾಟನೆ ದಿನನೇ ಆಗಿತ್ತಲ್ರಿ? ಪೇಪರ್ನಾಗೂ ಬಂದಿತ್ತು. ಮತ್ಯಾಕ ಮಾಡಿದ್ರಿ?"

ಸುಷ್ಮಾ ಫೋನ್ ಕೆಳಗಿಟ್ಟು ಅದೇ ಪುಡಿಗೆ ಮತ್ತೊಮ್ಮೆ ಹೈಡ್ರೋಜನ್ ತುಂಬತೊಡಗಿದಳು. ಇಂಧನ ಕೂಡಿಡುವ ಪುಡಿ ಒಂದು ಸಲ ಬಿಟ್ಟುಕೊಟ್ಟರೆ ಸಾಲದು, ತುಂಬಿದಂತೆಲ್ಲ ನೂರು ಸಲ ಬಿಟ್ಟುಕೊಡಬೇಕು.