ಮಲ್ಲಿಗೆ ಓಣಿಯ ಪೋಲಿನ ಮನೆ

ಜಾವಾದ ಮಲ್ಲಿಗೆ ಓಣಿಯಲ್ಲಿ ಕರೆಂಟು ಪೋಲು ಮಾಡುವವರು ಒಬ್ಬರೇ ಎಂದು ಕಂಪ್ಯೂಟರು ಪತ್ತೆ ಹಚ್ಚಿತು: ಬು ಕಸ್ಮಿರಾ, ಅಂದರೆ ಕಸ್ಮಿರಮ್ಮ. ಮನೆಯ ಬಿಲ್ಲನ್ನು ಕುಟುಂಬ ಚೀಟಿಯಲ್ಲಿರುವ ತಲೆಗಳಿಂದ ಭಾಗಿಸಿದರೆ ಸತ್ಯ ಹೊರಬೀಳುತ್ತದಂತೆ. ಒಂದು ತಲೆ, ಎಂಟು ತಲೆಗಳ ಬಿಲ್ಲು. ಉಳಿದ ಹದಿನಾಲ್ಕು ಮನೆಗಳು ಋಷ್ಯಾಶ್ರಮಗಳು.

ಕರೆಂಟು ಉಳಿತಾಯ ಯೋಜನೆಯ ವುಲಾನ್, ಓಣಿಯ ಮುಖಂಡ ದರ್ಸೊನೊ ಅವರೊಂದಿಗೆ ವಿಚಾರಣೆಗೆ ಬಂದಳು. ಒಳಗೆ ಪಕ್ಕದ ಮನೆಯ ನಿನಿಂಗ್ ಇಸ್ತ್ರಿ ಮಾಡುತ್ತಿದ್ದಳು. ಅವಳ ಹಿಂದೆ ಬಟ್ಟೆಗಂಟು ಹಿಡಿದ ಮೂವರು ಹೆಂಗಸರು. ಮೂಲೆಯಲ್ಲಿ ಯಾರ್‍ಯಾರದೋ ಎರಡು ಅನ್ನದ ಕರೆಂಟು ಕುಕ್ಕರು.

"ಇಷ್ಟೊಂದು ಕರೆಂಟು ಯಾಕೆ ಸುಡ್ತೀರಿ, ಬು?"

"ಅಭ್ಯಾಸ ಆಗ್ಬಿಟ್ಟಿದೆ, ಮಗಳೇ."

"ನಾವೂ ಹೇಳಿ ಹೇಳಿ ಸಾಕಾಯ್ತು ಮೇಡಂ," ಎಂದಳು ನಿನಿಂಗ್, ಕಾಲರನ್ನು ತಿರುಗಿಸಿ ಹಾಕುತ್ತ.

ಸಬ್ಸಿಡಿಯ ಪುಟ್ಟ ಮೀಟರಿನ ಆಶ್ರಮಗಳಲ್ಲಿ ಕುಕ್ಕರಿನ ಜೊತೆ ಇಸ್ತ್ರಿಪೆಟ್ಟಿಗೆ ಹಾಕಿದರೆ ಟಪ್ಪೆಂದು ಎಲ್ಲ ಆರುತ್ತಿತ್ತು. ಕಸ್ಮಿರಾಳ ಗಂಡ ಹೊಲಿಗೆ ಯಂತ್ರಗಳಿಗೆಂದು ದೊಡ್ಡ ಮೀಟರು ಹಾಕಿಸಿದ್ದ. ಗಂಡ ಹೋದ, ಯಂತ್ರಗಳು ಹೋದವು, ಮೀಟರು ಉಳಿಯಿತು. ಸಾವಿನ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಎರಡು ತಿಂಗಳು ಯಾರೂ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಒಬ್ಬಳು ಒಂದು ಅಂಗಿ ಹಿಡಿದು ಬಂದಳು. ಆ ಎರಡು ತಿಂಗಳ ಬಿಲ್ಲು ಬಹಳ ಕಡಿಮೆ ಇತ್ತು.

"ಪುಟ್ಟ ಮೀಟರಿಗೆ ಇಳಿಯೋ ಅರ್ಜಿ ತಂದಿದ್ದೀನಿ," ಎಂದಳು ವುಲಾನ್. "ಸಹಿ ಮಾಡಿ. ಇಲ್ಲಾಂದ್ರೆ ಗೇಟಿಗೆ 'ಪೋಲಿನ ಮನೆ' ಅಂತ ಕೆಂಪು ಚೀಟಿ. ಹೋಗೋ ಬರೋರೆಲ್ಲ ಓದ್ತಾರೆ."

"ಓಣಿ ಮರ್ಯಾದೆ ಪ್ರಶ್ನೆ, ಬು," ಎಂದರು ದರ್ಸೊನೊ. ಉಳಿತಾಯದಲ್ಲಿ ಅವರ ಮನೆಗೇ ಮೊದಲ ಬಹುಮಾನ. "ಮಾಡ್ಬಿಡಿ."

"ಮಾಡ್ಲಿ ಬಿಡಿ, ಪಾಕ್ ದರ್ಸೊನೊ," ಎಂದು ನಿನಿಂಗ್ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ನಿಮ್ಮನೆಯೋರು ಕೊಟ್ಟುಹೋದ ಬಾಟಿಕ್ ಅಂಗಿ ಇಲ್ಲೇ ಇದೆ. ನಾಳೆ ಹಾಗೇ ಮುದುಡಿದ್ದನ್ನೇ ಹಾಕ್ಕೊಂಡು ಹೋಗಿ ಬಹುಮಾನ ಇಸ್ಕೊಳ್ಳಿ."

ಹೆಂಗಸರು ಸೆರಗಿಲ್ಲದ ಕಾರಣ ಬಟ್ಟೆಗಂಟುಗಳಲ್ಲೇ ನಗು ಮುಚ್ಚಿಕೊಂಡರು. ದರ್ಸೊನೊ ಚಾವಣಿಯನ್ನು ಆಳವಾಗಿ ಪರಿಶೀಲಿಸಿದರು.

"ಅಲ್ಲ, ವಯಸ್ಸಾದೋರಿಗೆ ಒತ್ತಾಯ ಮಾಡೋದೂ ಸರಿ ಅಲ್ಲ ನೋಡಿ," ಎಂದರು.

ಕಸ್ಮಿರಾ ಅರ್ಜಿಯನ್ನು ಮಡಚಿ ವುಲಾನ್‌ಳ ಕೈಗಿಟ್ಟಳು. "ಕೆಂಪೇ ಇರ್ಲಿ. ಒಂಚೂರು ಮೇಲೆ ಅಂಟಿಸು. ಕೆಳಗಾದ್ರೆ ಸಾಲಲ್ಲಿ ನಿಂತೋರು ಒರಗಿ ಒರಗಿ ಹರಿದುಹಾಕ್ತಾರೆ."

ಗೇಟು ಎತ್ತರವಿತ್ತು. ಓಣಿಯ ಮರ್ಯಾದೆ ಕಾಯುವ ದರ್ಸೊನೊ ತಾವೇ ಸ್ಟೂಲು ತಂದು ಹಿಡಿದು ನಿಂತರು.