ಹುಗ್ಗಿ ಉಂಡವರ ಸಹಿ

ನಮ್ಮ ಬನಹಟ್ಟಿಯಲ್ಲಿ ಗುಟ್ಟು ಹೇಳಬೇಕಾದರೂ ಒದರಿಯೇ ಹೇಳಬೇಕು. ಓಣಿಯ ಎರಡೂ ಬದಿಗೆ ಮಗ್ಗ ಖಟಖಟ ಅನ್ನುವಾಗ ಮೆಲ್ಲಗೆ ಮಾತಾಡಿದರೆ ಆಡಿದವನಿಗೇ ಕೇಳುವುದಿಲ್ಲ. ಅದಕ್ಕೇ ಜಮಖಂಡಿಯ ಕಾನೂನು ಕೈಂಕರ್ಯ ಮಂಡಳದವರು ಆಟೋದ ಮೇಲೆ ಮೈಕಿನ ಎರಡು ಭೋಂಗಾ ಕಟ್ಟಿ ಊರೆಲ್ಲ ತಿರುಗಿಸಿದರು. ಬಾಗಲಕೋಟೆ ಹೊಸ ಜಿಲ್ಲೆ ಆದ ಮರುವರ್ಷದ ಮಾತು ಇದು.

"ಎಚ್‌ಐವಿ, ಏಡ್ಸ್ ಇದ್ದವರಿಗೆ ಪುಕ್ಕಟೆ ವಕೀಲರ ನೆರವು. ಮಂಗಳವಾರ ಹತ್ತು ಗಂಟೆಗೆ ಮಂಗಲ ಕಾರ್ಯಾಲಯಕ್ಕೆ ಬರಬೇಕು. ಎರಡು ಫೋಟೋ, ರೇಶನ್ ಕಾರ್ಡು ತರಬೇಕು. ನಿಮ್ಮ ಹೆಸರು ಗುಪ್ತವಾಗಿ ಇಡಲಾಗುವುದು."

ನಮ್ಮ ಓಣಿಯಲ್ಲಿ ಸಪ್ಪಳ ಜಾಸ್ತಿ ಎಂದು "ಗುಪ್ತವಾಗಿ" ಎಂಬುದನ್ನು ಆಟೋದವನು ಮೂರು ಸಲ ಒದರಿದ.

ನನ್ನ ಅಕ್ಕ ಶಂಕ್ರೆವ್ವ ಆಗ ನಮ್ಮ ಪಡಸಾಲೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಳು, ಪರರ ಮಗ್ಗಕ್ಕೆ. ಅವಳದೇ ಮಗ್ಗ ಎರಡಿದ್ದವು, ನಾಲ್ಕು ಓಣಿ ಆಚೆ, ಗಂಡನ ಮನೆಯಲ್ಲಿ. ಗಂಡ ಈರಪ್ಪ ಇಚಲಕರಂಜಿಗೆ ನೂಲು ತರಲು ಹೋಗುತ್ತಿದ್ದ, ನೂಲಿನ ಜೊತೆ ಈ ರೋಗವನ್ನೂ ತಂದ. ಅವನು ಸತ್ತು ದಿನಕರ್ಮ ಮುಗಿದ ಮರುದಿನ ಅವನ ಅಣ್ಣ ಗಿರಿಮಲ್ಲಪ್ಪ ಮಗ್ಗ ಇದ್ದ ಕೋಣೆಗೆ, ನಾವು ಕೋಲಿ ಅನ್ನುತ್ತೇವೆ, ಕೀಲಿ ಜಡಿದ. ಮಿರಜದಲ್ಲಿ ಅಕ್ಕನ ರಕ್ತ ತಪಾಸಣೆ ಮಾಡಿದ ಚೀಟಿ ಅವನ ಕೈಗೆ ಸಿಕ್ಕಿತ್ತು. ಮನೆಯಲ್ಲಿ ಇದ್ದರೆ, ಕೂಡಿ ಉಂಡರೆ ಇದು ಹತ್ತುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ಅಕ್ಕ ಅತ್ತೆಗೂ ಹೇಳಿದಳು, ಭಾವನಿಗೂ ಹೇಳಿದಳು. ಭಾವ ಆ ಡಾಕ್ಟರ ಜಾತಿ ಯಾವುದು ಎಂದು ಕೇಳಿದ. ಅತ್ತೆ ಗುರುಬಸವ್ವ ಸೊಸೆಗೆ ಉಣ್ಣಲು ಬೇರೆ ತಾಟು ಮಾಡಿದಳು. ಮಗ ಆ ತಾಟಿನ ಜೊತೆ ಸೊಸೆಯನ್ನೂ ಬಾಗಿಲ ಹೊರಗೆ ಇಟ್ಟ.

"ಕೋಲಿ ಕೀಲಿ ತೆಗಸಿಕೊಟ್ರ ಸಾಕು ತಮ್ಮಾ," ಅಂದಳು ಅಕ್ಕ. "ಮಗ್ಗ ನಂದು, ಕೈ ನಂದು. ಬ್ಯಾರೆ ಏನೂ ಬ್ಯಾಡ ನನಗ. ವಕೀಲರು ಹೆಂಗಿದ್ದಾರ, ಹೋಗಿ ನೋಡಿ ಬಾ."

ಹೋದೆ. ಕರೆಂಟು ತೆಗೆಯುವ ದಿನವೆಂದು ಮಗ್ಗಗಳು ಸುಮ್ಮನಿದ್ದವು. ಕಾರ್ಯಾಲಯದ ಹಿಂದೆ ಇನ್ನೂರು ಮಂದಿಗಾಗುವಷ್ಟು ಗೋಧಿ ಹುಗ್ಗಿ ಕುದಿಯುತ್ತಿತ್ತು. ಒಳಗೆ ನೂರಾರು ಖುರ್ಚಿ, ಎಲ್ಲಾ ಖಾಲಿ. ಬಾಗಿಲಲ್ಲಿ ಮಂಡಳದ ಕಾರಕೂನ ರಾಚಪ್ಪ ಟೇಬಲ್ ಹಾಕಿಕೊಂಡು, ದಪ್ಪ ಪುಸ್ತಕದ ಮೇಲೆ ಮೊಳಕೈ ಊರಿ ಕೂತಿದ್ದ.

"ರೋಗ ಇದ್ದಾವನೇನು ನೀ?" ಅಂದ ನನ್ನ ನೋಡಿ, ಬಾಳ ಆಸೆಯಿಂದ.

"ನಾ ಅಲ್ರಿ. ಕೇಳಾಕ ಬಂದೇನಿ."

"ಕೇಳಾಕ ಬಂದವರನ್ನ ಎಣಸಾಕ ಬರೂದಿಲ್ಲಪಾ. ಮುಖ್ಯ ಅತಿಥಿಗಳು ಮುಧೋಳ ದಾಟ್ಯಾರಂತ. ರೊಕ್ಕ ಕೊಟ್ಟ ಬೆಂಗಳೂರಿನವರಿಗೆ ಫೋಟೋ ಕಳಿಸಬೇಕು. ಈ ಊರಾಗ ಒಬ್ಬರಿಗೂ ಇಲ್ಲೇನು?"

ಇದ್ದವರು ಕದ ಹಾಕಿಕೊಂಡು ಕೂತಿದ್ದರು. ಭೋಂಗಾದಲ್ಲಿ ಕರೆದರೆ ಮದುವೆಗೆ ಬಂದಾರು, ಇದಕ್ಕೆ ಯಾವನು ಬಂದಾನು?

ರಾಚಪ್ಪ ಹತ್ತು ನಿಮಿಷ ತಲೆ ಕೆರೆದುಕೊಂಡು ಆಟೋವನ್ನು ಮತ್ತೆ ಬಿಟ್ಟ. ಈ ಸಲ ರೋಗದ ಮಾತು ತೆಗೆದು ಬರೀ ಇಷ್ಟೇ: "ಮಂಗಲ ಕಾರ್ಯಾಲಯದಲ್ಲಿ ಸಭೆ. ಹುಗ್ಗಿ ಊಟದ ವ್ಯವಸ್ಥೆ ಇದೆ."

ನಮ್ಮ ಊರಿಗೆ ಒಂದು ರೂಢಿ ಇದೆ. ನೇಕಾರರ ಸೊಸಾಯಿಟಿಯ ವಾರ್ಷಿಕ ಸಭೆಯಿಂದ ಬಂದದ್ದು. ಮೊದಲು ಸಹಿ, ಆಮೇಲೆ ಚೀಟಿ, ಆಮೇಲೆ ಊಟ. ಯಾವುದಕ್ಕೆ ಸಹಿ ಎಂದು ಕೇಳಿದವನನ್ನು ಮುಂದಿನ ಸಭೆಯಲ್ಲಿ ಜಗಳಗಂಟ ಅನ್ನುತ್ತಾರೆ. ಒಂದು ತಾಸಿನಲ್ಲಿ ಬಾಗಿಲ ಮುಂದೆ ಪಾಳಿ ಹತ್ತಿತು. ಧೋತರದವರು, ಪ್ಯಾಂಟಿನವರು, ಸಾಲಿ ಮಾಸ್ತರರು. ಎಲ್ಲರೂ ಬಗ್ಗಿ, ಹೆಸರು ಬರೆದು, ಸಹಿ ಗೀಚಿ, ಹಳದಿ ಚೀಟಿ ಹಿಡಿದು ಒಳಗೆ ಹೋದರು. ಪುಸ್ತಕದ ಮೊದಲ ಹಾಳೆಯ ತಲೆಯ ಮೇಲೆ ದುಂಡಗೆ ಬರೆದಿತ್ತು: ಎಚ್‌ಐವಿ ಬಾಧಿತ ಫಲಾನುಭವಿಗಳ ಹಾಜರಿ. ಅದನ್ನು ಓದಿದವನು ನಾನೊಬ್ಬನೇ. ನನಗೆ ಹಸಿವಿರಲಿಲ್ಲ.

ಗಿರಿಮಲ್ಲಪ್ಪನೂ ಬಂದ. ಹೊಸ ಟೊಪ್ಪಿಗೆ, ಇಸ್ತ್ರಿ ಅಂಗಿ. ನನ್ನನ್ನು ನೋಡಿ ಮುಖ ತಿರುವಿ, ರಾಚಪ್ಪನಿಗೆ ಹೇಳಿದ: "ಮೂರು ಚೀಟಿ ಕೊಡ್ರಿ. ಮನ್ಯಾಗ ಹೆಣಮಗಳು ಅದಾಳ, ಅವ್ವ ಅದಾಳ. ಡಬ್ಬಿ ತಂದೇನಿ."

"ಮೂರೂ ಹೆಸರು ಬರೀಬೇಕಾಗ್ತದ್ರಿ."

"ಬರೀತೇನ್ರಿ, ಬರಿಯಾಕ ಏನ ತ್ರಾಸು."

ಬರೆದ. ಗಂಡ, ಹೆಂಡತಿ, ತಾಯಿ. ಅಡ್ಡಹೆಸರು, ಓಣಿ, ಮನೆ ನಂಬರು ಸಮೇತ, ಮಾಸ್ತರರು ಮೆಚ್ಚುವ ಅಕ್ಷರದಲ್ಲಿ.

ಸಭೆ ಹೇಗಾಯಿತು ಎಂದು ಹೇಳಬೇಕೆ? ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಮತ್ತೆ ಹಾರ. ಮುಖ್ಯ ಅತಿಥಿಗಳು ಕನ್ನಡಕ ಏರಿಸಿ, "ನೂರಾ ತೊಂಬತ್ತೇಳು ಜನ ಧೈರ್ಯದಿಂದ ಮುಂದೆ ಬಂದಿದ್ದೀರಿ, ಈ ಊರಿನ ಎದೆಗಾರಿಕೆಗೆ ನಮಸ್ಕಾರ" ಅಂದರು. ಹುಗ್ಗಿಯ ವಾಸನೆ ಬಂದಿತ್ತು, ಜನ ಜೋರಾಗಿ ಚಪ್ಪಾಳೆ ಹೊಡೆದರು. ಕಾನೂನು ಹೇಳಬೇಕಾಗಿದ್ದ ಪರಮಾನಂದ ವಕೀಲರಿಗೆ ಐದು ನಿಮಿಷ ಸಿಕ್ಕಿತು. ಅದರಲ್ಲಿ ನಾಲ್ಕು ವೇದಿಕೆಯ ಮೇಲಿದ್ದವರ ಹೆಸರಿಗೆ ಹೋಯಿತು.

ಊಟದ ಗದ್ದಲದಲ್ಲಿ ಅಕ್ಕನನ್ನು ಹಿಂದಿನ ಬಾಗಿಲಿಂದ ಕರೆತಂದು ವಕೀಲರ ಮುಂದೆ ನಿಲ್ಲಿಸಿದೆ. ಅವರು ಒಳ್ಳೆಯವರೇ. ಕೈಯಲ್ಲಿ ಹುಗ್ಗಿಯ ಬಟ್ಟಲು ಇತ್ತು, ಆದರೂ ಪೂರಾ ಕೇಳಿದರು.

"ಕೋರ್ಟಿಗೆ ಹೋದ್ರ ವರ್ಷಗಟ್ಟಲೆ ಆಗ್ತದ ತಂಗಿ. ಮೊದಲ ಸಂಧಾನ ಮಾಡೂಣು. ಬರೋ ಸೋಮವಾರ ಜಮಖಂಡಿ ಆಫೀಸಿಗೆ ಬಾ. ನಿಮ್ಮ ಭಾವಗೂ ನೋಟೀಸು ಕಳಸ್ತೇನಿ."

ರಾಚಪ್ಪ ಹುಗ್ಗಿಯ ಚೀಟಿ ಕೊಡಲು ಬಂದ. ಅಕ್ಕ ಬೇಡ ಅಂದಳು. ಅವಳು ಊರ ಊಟದ ಪಂಕ್ತಿಯಲ್ಲಿ ಕೂಡುವುದನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಊಟವಿಲ್ಲ ಎಂದ ಮೇಲೆ ಸಹಿಯೂ ಇಲ್ಲ.

ಸೋಮವಾರ ಬಸ್ಸಿನಲ್ಲಿ ಹೋದೆವು. ಗಿರಿಮಲ್ಲಪ್ಪ ನಮಗಿಂತ ಮೊದಲೇ ಬಂದು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ವಕೀಲರು ಕಾಗದ ತೆಗೆದರು. ರಾಚಪ್ಪ ಪುಸ್ತಕದ ಹಾಳೆ ತಿರುವಿ ತಿರುವಿ ಕೆಮ್ಮಿದ.

"ಸಾಹೇಬ್ರ, ಒಂದು ಅಡಚಣಿ. ಈ ಹೆಣಮಗಳ ಹೆಸರು ಫಲಾನುಭವಿ ಪುಸ್ತಕದಾಗ ಇಲ್ರಿ. ಪುಸ್ತಕದಾಗ ಇಲ್ಲದವರಿಗೆ ಪುಕ್ಕಟೆ ವಕೀಲರನ್ನ ಕೊಡಾಕ ನಿಯಮ ಇಲ್ಲ."

ನನಗೆ ತಲೆ ಕೆಟ್ಟಿತು. "ಇಡೀ ಊರಾಗ ಆ ರೋಗದ ಹೆಸರಲೆ ಮನಿ ಬಿಟ್ಟು ಹೊರಗ ಬಿದ್ದಾಕಿ ಆಕಿ ಒಬ್ಬಾಕೀನ. ಆಕೀದ ಹೆಸರಿಲ್ಲ ಅಂದ್ರ, ಮತ್ತ ಯಾರ ಹೆಸರು ಬರಕೊಂಡೀರಿ?"

"ಅದಕ್ಕ ನಾ ಏನ ಮಾಡ್ಲಿ? ಬಂದವರದು ಬರಕೊಂಡೇನಿ. ನೋಡ್ರಿ, ಇವರ ಭಾವ ಅದಾರಲ್ಲ, ಗಿರಿಮಲ್ಲಪ್ಪನವರು, ನಲವತ್ತೊಂದನೇ ನಂಬರು. ಇವರಿಗೆ ಬೇಕಾದ್ರ ಈಗ ವಕೀಲರನ್ನ ಕೊಡಾಕ ಬರ್ತದ."

"ನನಗ್ಯಾಕ ಪುಕ್ಕಟೆ ವಕೀಲ?" ಎಂದು ಗಿರಿಮಲ್ಲಪ್ಪ ನಕ್ಕ. "ನಂದು ಒಂದ ಮಾತು. ಮನ್ಯಾಗ ಹುಡುಗರು ಅದಾವ. ಆ ರೋಗ ಇದ್ದಾವರು ಮನ್ಯಾಗ ಇರಾಕ ಬರೂದಿಲ್ಲ, ಹೊರಗ ಇರಬೇಕು. ಹಂಗಂತ ಬರೀರಿ, ಸಹಿ ಮಾಡ್ತೇನಿ."

"ಈಗಾಗಲೇ ಒಂದು ಸಹಿ ಮಾಡೀರಲ್ರಿ ಮಾವಾರ," ಅಂದೆ. "ರಾಚಪ್ಪನವರ, ಮೊದಲನೇ ಹಾಳಿ ತಲಿಮ್ಯಾಲ ಏನೈತಿ, ಸ್ವಲ್ಪ ಓದ್ರಿ."

ರಾಚಪ್ಪ ಓದಿದ. ಸರಕಾರಿ ಸುತ್ತೋಲೆ ಓದುವ ದನಿಯಲ್ಲಿ, ಒಂದಕ್ಷರ ಬಿಡದೆ. ಆಮೇಲೆ ನಲವತ್ತೊಂದು, ನಲವತ್ತೆರಡು, ನಲವತ್ಮೂರು. ಗಿರಿಮಲ್ಲಪ್ಪನ ಮೇಲಿನ ಕಾಲು ಕೆಳಗಿಳಿಯಿತು.

"ಅದು ಹುಗ್ಗೀದಲ್ಲೇನ್ರಿ?" ಅಂದ.

"ಹುಗ್ಗಿಗೆ ಬ್ಯಾರೆ ಪುಸ್ತಕ ಇಲ್ರಿ," ಅಂದ ರಾಚಪ್ಪ.

"ಹೊಡದ ಹಾಕ್ರಿ ಅದನ್ನ."

"ಹೆಂಗ ಹೊಡದ ಹಾಕೂದ್ರಿ? ನೂರಾ ತೊಂಬತ್ತೇಳು ಅಂತ ಬೆಂಗಳೂರಿಗೆ ಪ್ರತಿ ಹೋಗೇತಿ. ಹೆಸರು ತಗೀಬೇಕಂದ್ರ ರೋಗ ಇಲ್ಲಂತ ಡಾಕ್ಟರ ಸರ್ಟಿಫಿಕೇಟ ತರಬೇಕು. ನೀವು, ನಿಮ್ಮ ಮನಿಯವರು, ನಿಮ್ಮ ತಾಯಿ, ಮೂರೂ ಮಂದಿ ಮಿರಜಕ್ಕ ಹೋಗಿ ರಕ್ತ ತಪಾಸಣಿ ಮಾಡಸ್ರಿ."

ಮಿರಜದ ದವಾಖಾನೆಯಲ್ಲಿ ಆ ತಪಾಸಣೆಯ ಖಿಡಕಿಯ ಮುಂದೆ ಪಾಳಿ ನಿಂತರೆ ಬನಹಟ್ಟಿಯವರು ಯಾರಾದರೂ ಕಂಡೇ ಕಾಣುತ್ತಾರೆ. ಈರಪ್ಪ ನಿಂತಾಗಲೂ ಕಂಡಿದ್ದರು. ಅದು ಗಿರಿಮಲ್ಲಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಅಕ್ಕನ ಚೀಟಿಯ ಸುದ್ದಿ ಊರೆಲ್ಲ ಹೇಳಿ ಬಂದವನೇ ಅವನು.

ವಕೀಲರು ಮೀಸೆಯ ಮೇಲೆ ಕೈ ಇಟ್ಟುಕೊಂಡು ನಗು ನುಂಗುತ್ತಿದ್ದರು. ನಾನು ಇನ್ನೂ ನಾಲ್ಕು ಮಾತು ಹೊಡೆಯಲು ಬಾಯಿ ತೆಗೆದೆ. ಅಕ್ಕ ಕೈ ಹಿಡಿದು ಕೂಡ್ರಿಸಿದಳು. ಅವಳು ವಕೀಲರನ್ನು ಕೇಳಿದ್ದು ಹಗುರ ದನಿಯಲ್ಲಿ, ಖರೆನೇ ಚಿಂತೆ ಹತ್ತಿದವಳಂತೆ.

"ಸಾಹೇಬ್ರ, ಭಾವಾರು ಹೇಳಿದಂಗ ಬರದ್ರ ಅವರೂ ಮನಿ ಬಿಡಬೇಕಾಗ್ತದೇನ್ರಿ? ನಮ್ಮತ್ತೀನೂ? ಆಕಿ ಎಲ್ಲಿಗೆ ಹೋಗ್ಬೇಕ್ರಿ, ಮೊಳಕಾಲು ಹಿಡದಾವ. ನಾ ಏನೋ ತವರ ಮನಿಗೆ ಹೋದ್ನಿ. ಆಕಿಗೆ ತವರೂ ಉಳಿದಿಲ್ಲ."

ಕಿಟಕಿಯ ಹೊರಗೆ ಸಾವಳಗಿ ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ. ಗಿರಿಮಲ್ಲಪ್ಪ ಟೊಪ್ಪಿಗೆ ತೆಗೆದ, ಮತ್ತೆ ಹಾಕಿಕೊಂಡ. ಒಳಕಿಸೆಯಲ್ಲಿ ಕೈ ಹಾಕಿ, ಕೀಲಿಕೈ ತೆಗೆದು, ಟೇಬಲ್ ಮೇಲೆ ಇಟ್ಟ.

"ಎಲ್ಲಿಗೂ ಹೋಗೂದ ಬ್ಯಾಡ ಯಾರೂ," ಅಂದ. "ಹಂಗ ಬರೀಬ್ಯಾಡ್ರಿ ಸಾಹೇಬ್ರ."

"ಮತ್ತ ಹೆಂಗ ಬರೀಲಿ?"

"ಇದ್ದಾವರು ಮನ್ಯಾಗ ಇರಬಹುದು ಅಂತ ಬರೀರಿ. ಮಗ್ಗ ಅವರದ್ದ ಅಂತಾನೂ ಬರೀರಿ."

ಬರೆದರು. ಸಹಿ ಮಾಡುವ ಮೊದಲು ಗಿರಿಮಲ್ಲಪ್ಪ ಆ ಕಾಗದವನ್ನು ಮೂರು ಸಲ ಓದಿದ, ಹಿಂದು ಮುಂದು ತಿರುವಿ ತಲೆಯ ಮೇಲೆ ಏನಾದರೂ ಬರೆದಿದೆಯೇ ಎಂದು ನೋಡಿದ.

ಎಂಟು ತಿಂಗಳು ಡಾಕ್ಟರ ಮಾತು ಹೇಳಿದೆವು, ಹಿರಿಯರನ್ನು ಕೂಡಿಸಿದೆವು, ಕಾಲಿಗೆ ಬಿದ್ದೆವು. ಕೀಲಿ ತೆಗೆಸಿದ್ದು ಒಂದು ಡಬ್ಬಿ ಹುಗ್ಗಿ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆದರೆ ಅಕ್ಕನಿಗೆ ನನ್ನ ಸಿಟ್ಟಿನ ಮೇಲೆ ಧ್ಯಾನವಿರಲಿಲ್ಲ. ಬಸ್ಸು ಇಳಿದವಳೇ ಸೀದಾ ಕೋಲಿಗೆ ಹೋಗಿ, ಕೀಲಿ ತೆಗೆದು, ಮಗ್ಗದ ಮೇಲಿನ ಜೇಡರ ಬಲೆ ಹೊಡೆದು, ಉದ್ದಕ್ಕೆ ಬಿಗಿದ ಹಾಸಿನ ನೂಲೆಳೆಗಳನ್ನು ಒಂದೊಂದೇ ಮುಟ್ಟಿ ನೋಡಿದಳು. ಕೆಲವನ್ನು ಇಲಿ ಕಡಿದಿದ್ದವು. ಕೂತು ಗಂಟು ಹಾಕತೊಡಗಿದಳು.

ಗುರುಬಸವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಮಗ ಬಂದು ಹೇಳಿದ್ದ ಅಂತ ಕಾಣುತ್ತದೆ.

"ಶಂಕ್ರೀ, ಆ ಪುಸ್ತಕದಾಗ ನಂದೂ ಹೆಸರು ಐತಂತ?"

"ಐತ್ರಿ ಅತ್ತಿ. ನಲವತ್ಮೂರು."

"ನಿಂದು?"

"ನಂದಿಲ್ಲ."

ಮುದುಕಿ ಹೊರಗಿನ ಕಟ್ಟೆಯ ಮೇಲೆ ಎಂಟು ತಿಂಗಳಿಂದ ಬಿದ್ದಿದ್ದ ಸೊಸೆಯ ತಾಟು ತಗೊಂಡು, ಸೆರಗಿನಿಂದ ಧೂಳು ಒರೆಸುತ್ತ ಒಳಗೆ ಹೋದಳು. ಉಳಿದ ತಾಟುಗಳ ನಡುವೆ ಅದನ್ನು ಇಟ್ಟ ಸಪ್ಪಳ ಕೋಲಿಯ ತನಕ ಕೇಳಿತು. ಅಕ್ಕನ ಮಗ್ಗ ಇನ್ನೂ ಚಾಲೂ ಆಗಿರಲಿಲ್ಲ.