ಎರಡೂವರೆಯ ತನಕ

“ಊದಿ, ಊದಿ, ಇನ್ನೂ ಊದಿ, ಬಿಡಬೇಡಿ,” ಎನ್ನುತ್ತ ಟೆಕ್ನಿಷಿಯನ್ ಹೆಂಗಸು ಮೇಜಿನ ಮೇಲೆ ಬೆರಳು ಕುಟ್ಟುತ್ತಿದ್ದಳು. ಸೇನೆಯ ಲಾರಿ ಡ್ರೈವರ್ ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಕೊಳವೆಗೆ ಊದಿದ. ಪರದೆಯ ಮೇಲೆ ಗೆರೆ ಚೆನ್ನಾಗಿಯೇ ಏರಿತು.

“ನನ್ನ ಲಾರಿ ಟೈರಿಗೂ ಇಷ್ಟು ಗಾಳಿ ಹಿಡಿಯಲ್ಲ ಮೇಡಂ,” ಎಂದ ಕ್ಲಿಪ್ ತೆಗೆದು. ಟೆಕ್ನಿಷಿಯನ್ ನಕ್ಕಳು. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಅವನ ಹೆಂಡತಿಗೆ ನಗಲಾಗಲಿಲ್ಲ.

ಎಂಟೂವರೆಗೆ ಆಸ್ಪತ್ರೆಯ ಕಾಂಪೌಂಡಿನ ಮರೆಯಲ್ಲಿ ಅವನು ಜೇಬಿನಿಂದ ಅವಳ ತಾಯಿಯ ಇನ್‌ಹೇಲರ್ ತೆಗೆದು ಎರಡು ಸಲ ಎಳೆದುಕೊಂಡದ್ದನ್ನು ಅವಳು ನೋಡಿದ್ದಳು. ನಿಮ್ಮಮ್ಮನ ಹತ್ತಿರ ಇನ್ನೊಂದಿದೆ ಎಂದಷ್ಟೇ ಹೇಳಿ ಅವನು ಮುಂದೆ ನಡೆದಿದ್ದ.

ಮರಳುಗಾಡಿನ ಕ್ಯಾಂಪಿನಲ್ಲಿ ಅವನು ಹದಿನಾಲ್ಕು ತಿಂಗಳಿದ್ದ. ಡೇರೆಗಳ ಪಕ್ಕದಲ್ಲೇ ಕಸದ ಗುಂಡಿ. ಪ್ಲಾಸ್ಟಿಕ್, ಹಳೆಯ ಟೈರು, ಬ್ಯಾಟರಿ, ಎಲ್ಲದಕ್ಕೂ ಡೀಸೆಲ್ ಸುರಿದು ಸುಡುತ್ತಿದ್ದರಂತೆ. ಗಾಳಿ ತಿರುಗಿದರೆ ಹೊಗೆ ಹಾಸಿಗೆಯವರೆಗೆ ಬರುತ್ತಿತ್ತು, ಅದರ ಜೊತೆಗೆ ಹಿಟ್ಟಿನಷ್ಟು ನುಣ್ಣನೆಯ ಧೂಳು. ಬೆಳಗ್ಗೆ ಸೀನಿದರೆ ಕರ್ಚೀಫಿನಲ್ಲಿ ಮಸಿ. ಇದನ್ನೆಲ್ಲ ಅವನು ತಮಾಷೆಯಾಗಿಯೇ ಹೇಳುತ್ತಿದ್ದ. ಈಗ ಮನೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಫೋನ್ ನೋಡುವಂತೆ ನಟಿಸುತ್ತಾನೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಾನೆ.

ಇವತ್ತು ಈ ಉಸಿರಿನ ಪರೀಕ್ಷೆಯಲ್ಲಿ ಪಾಸಾದರೆ ಎರಡು ವಾರದಲ್ಲಿ ಮತ್ತೆ ಅದೇ ಕ್ಯಾಂಪು. ಆಗದಿದ್ದರೆ ಇನ್ನು ಮುಂದೆ ಲಾರಿಯಿಲ್ಲ. ಸ್ಟೀರಿಂಗ್ ಕಿತ್ತುಕೊಂಡರೆ ತಾನು ಮನೆಯಲ್ಲಿ ಇನ್ನೊಂದು ಕುರ್ಚಿ ಅಷ್ಟೇ ಎಂದು ಅವನು ಹೇಳಿದ್ದ.

ಟೆಕ್ನಿಷಿಯನ್ ಫಾರಂ ಎಳೆದುಕೊಂಡು, ಬೆಳಗ್ಗೆಯಿಂದ ಉಸಿರಾಟದ ಔಷಧಿ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಕೇಳಿದಳು. ಇಲ್ಲ ಎಂದ. ಪೆನ್ನು ಕಾಗದಕ್ಕೆ ತಾಗಿತು.

“ತಗೊಂಡಿದ್ದಾರೆ ಮೇಡಂ. ನಮ್ಮಮ್ಮನ ಇನ್‌ಹೇಲರ್. ಎಂಟೂವರೆಗೆ, ಎರಡು ಸಲ.”

ದನಿ ಎಷ್ಟು ಸಣ್ಣಗಿತ್ತೆಂದರೆ, ಕೇಳಿಸಿತೋ ಇಲ್ಲವೋ ಎಂದು ಅವಳಿಗೇ ಅನುಮಾನವಾಯಿತು.

“ನಿನ್ನನ್ನ ಯಾರು ಕೇಳಿದ್ರು?” ಎಂದ ಅವನು, ಅವಳ ಕಡೆ ನೋಡದೆ.

ಟೆಕ್ನಿಷಿಯನ್ ಬೈಯಲಿಲ್ಲ. ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಔಷಧಿಯ ಪರಿಣಾಮ ಇಳಿಯಲು ಆರು ಗಂಟೆ ಕಾಲ ಬಿಡಬೇಕು, ಎರಡೂವರೆಗೆ ಮತ್ತೆ ಊದಿಸುತ್ತೇನೆ, ಅಲ್ಲಿಯ ತನಕ ಹೊರಗೆ ಕೂತಿರಿ ಎಂದಳು.

ಕಾರಿಡಾರಿನ ಬೆಂಚಿನಲ್ಲಿ ಅವನು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ. ಅವಳು ತಂದ ಚಹಾ ಆರಿ ಕೆನೆಗಟ್ಟಿತು. ಒಳಗೆ ಹೋಗಿ, ನಾನು ಹೇಳಿದ್ದು ಸುಳ್ಳು ಎಂದುಬಿಡಲೇ ಎಂದು ಅವಳು ಎರಡು ಸಲ ಎದ್ದು, ಎರಡು ಸಲವೂ ಸೆರಗು ಸರಿಮಾಡಿಕೊಂಡು ಕೂತಳು.

ಒಂದು ಗಂಟೆಗೆ ಅವನು ಗಂಟಲು ಸರಿಮಾಡಿಕೊಳ್ಳುವವನಂತೆ ಕೆಮ್ಮಿದ. ಎರಡರ ಹೊತ್ತಿಗೆ, ಸ್ಟ್ರೆಚರಿನ ಸದ್ದು ನಿಂತಾಗಲೆಲ್ಲ, ಅವನ ಎದೆಯೊಳಗಿಂದ ಸಣ್ಣ ಸಿಳ್ಳಿನಂಥ ಸದ್ದು ಕೇಳಿಸತೊಡಗಿತು. ಅವಳು ಎದುರು ಗೋಡೆಯ ನೋಟೀಸನ್ನು ಓದುವಂತೆ ಕೂತಳು.

ಅವನು ಕಾಲರಿನ ಗುಂಡಿ ಬಿಚ್ಚಿದ. ಸ್ವಲ್ಪ ಹೊತ್ತಿಗೆ ಅದರ ಕೆಳಗಿನದನ್ನೂ.